ಬೆನ್ನು ತಿರುಗಿಸಿ ಕೂತ ಜೆರಾಕ್ಸ್ ಅಕ್ಕ

ನಾಯಿಯೆಂದರೆ ಜೆರಾಕ್ಸ್ ಅಕ್ಕನಿಗೆ ಪ್ರಾಣಭಯ. ಚಿಕ್ಕಂದಿನಲ್ಲಿ ಒಂದು ನಾಯಿ ಅವಳ ಮೀನಖಂಡಕ್ಕೆ ಬಾಯಿ ಹಾಕಿತ್ತು. ಅಂದಿನಿಂದ ಬೀದಿಯ ಆ ತುದಿಯಲ್ಲಿ ಬಾಲ ಕಂಡರೆ ಸಾಕು, ಈ ತುದಿಯಲ್ಲೇ ರಸ್ತೆ ದಾಟಿಬಿಡುವಳು. ಇಂಥವಳ ಅಂಗಡಿಯ ಗೋಡೆ ತುಂಬ ನಾಯಿಗಳ ಚಿತ್ರ! ಬೀದಿಪಾಲಾದ ನಾಯಿಗಳನ್ನು ಕಾಪಾಡುವ ಗುಂಪೊಂದಕ್ಕೆ ‘ನನಗೊಂದು ಮನೆ ಬೇಕು’ ಎಂಬ ಪೋಸ್ಟರುಗಳನ್ನು ಅವಳು ಬಿಟ್ಟಿಯಾಗಿ ಪ್ರಿಂಟ್ ಹಾಕಿಕೊಡುತ್ತಿದ್ದಳು. ಗಲ್ಲಾಪೆಟ್ಟಿಗೆಯ ಪಕ್ಕ ಅವರ ದೇಣಿಗೆ ಡಬ್ಬಿ. ಚಿಲ್ಲರೆ ವಾಪಸು ಕೊಡುವಾಗ ಗಿರಾಕಿಯ ಮುಖವನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡುವಳು. ಕಾಗದದ ಮೇಲಿನ ನಾಯಿ ಕಚ್ಚುವುದಿಲ್ಲವಲ್ಲ.

ಗುಂಪನ್ನು ನಡೆಸುವವಳು ಪ್ರಾಣಿ ಆಸ್ಪತ್ರೆಯ ನರ್ಸು. ಒಂದು ದಿನ ಅವಳು ಎಲುಬು ಎಣಿಸುವಂತಿದ್ದ ಬೂದು ಬಣ್ಣದ ಹೆಣ್ಣುನಾಯಿಯನ್ನು ಎತ್ತಿಕೊಂಡೇ ಅಂಗಡಿಗೆ ಬಂದಳು.

“ಅಕ್ಕಾ, ನಮ್ಮೋರ ಮನೆಗಳೆಲ್ಲ ಭರ್ತಿ. ಇದನ್ನ ಸಾಕ್ತೀವಿ ಅಂತ ಬೇಕರಿಯವರು ಒಪ್ಪಿದಾರೆ, ಆದ್ರೆ ಅವರು ಊರಿಂದ ಬರೋದು ಮುಂದಿನ ವಾರ. ಅಲ್ಲೀವರೆಗೆ ನಿಮ್ಮ ಹಿಂದಿನ ಕೋಣೇಲಿ ಇರ್ಲಿ.”

ಇಲ್ಲ ಎನ್ನಲು ಬಾಯಿ ತೆರೆದ ಅಕ್ಕನಿಂದ ಹೊರಬಿದ್ದದ್ದು “ಹೂಂ”. ಮುಖ ನೋಡಿ ಇಲ್ಲವೆನ್ನುವ ವಿದ್ಯೆ ಅವಳಿಗೆ ಯಾವತ್ತೂ ಒಲಿದದ್ದಿಲ್ಲ.

ನಾಯಿಗೆ ಬೂದಿ ಎಂದೇ ಹೆಸರಾಯಿತು. ಕಾಗದದ ಕಟ್ಟುಗಳ ಸಂದಿಯಲ್ಲಿ ಅದು, ಬಾಗಿಲ ಹೊರಗೆ ಇವಳು. ತಟ್ಟೆಯನ್ನು ಕೋಲಿನ ತುದಿಯಿಂದ ಒಳಗೆ ತಳ್ಳಿ, “ತಿನ್ನು ತಾಯಿ, ನನ್ನನ್ನ ಮಾತ್ರ ತಿನ್ಬೇಡ” ಎನ್ನುವಳು. ಗಂಡನಿಗೆ ನಗು. “ಅದು ನಿನ್ನ ನೋಡಿ ನಡುಗತ್ತೆ, ನೀನು ಅದನ್ನ ನೋಡಿ ನಡುಗ್ತೀಯ. ನಾನು ಯಾರಿಗೇ ಅಂತ ಧೈರ್ಯ ಹೇಳ್ಲಿ?”

ಬೇಕರಿಯವರು ಬರಬೇಕಾದ ದಿನವೇ ಕಾಗದದ ಲೋಡೂ ಬಂತು. ಕೋಣೆಗೆ ಚಿಲಕ ಹಾಕಿದ್ದೇನೆಂದು ಅಕ್ಕ ಭಾವಿಸಿದ್ದಳು, ಹಾಕಿರಲಿಲ್ಲ. ಟೆಂಪೋದ ಬಾಗಿಲು ಧಡಾರೆಂದದ್ದೇ ತಡ, ಬೂದಿ ಅವಳ ಕಾಲ ಸಂದಿಯಲ್ಲಿ ನುಗ್ಗಿ ಬೀದಿಗೆ ಬಿತ್ತು. “ಬೂದೀ!” ಎಂದು ಕಿರುಚುತ್ತ ಅಕ್ಕ ಹಿಂದೆ ಓಡಿದಳು. ಕೂಗಿದಷ್ಟೂ ಅದು ದೂರವಾಯಿತು. ಮನೆಗಳು ಮುಗಿಯುವಲ್ಲಿ ಪೊದೆ ಬೆಳೆದ ಖಾಲಿ ಸೈಟು, ಅದರಾಚೆ ಹೆದ್ದಾರಿ. ಬೂದಿ ಪೊದೆಯೊಳಗೆ ಹೊಕ್ಕಿತು. ಲಾರಿಗಳ ಸದ್ದಿಗೆ ಅಕ್ಕ ಗಕ್ಕನೆ ನಿಂತಳು. ಇನ್ನೊಂದು ಸಲ ಬೆದರಿದರೆ ಅದು ನೇರ ಚಕ್ರದಡಿಗೇ.

ಫೋನು ಮಾಡಿದ ಕೂಡಲೇ ನರ್ಸು ಸ್ಕೂಟರಿನಲ್ಲಿ ಬಂದಳು. “ಕೂಗ್ಬೇಡಿ ಅಕ್ಕಾ! ಹೆದರಿದ ನಾಯಿಗೆ ಕೂಗೋರೆಲ್ಲ ಹೊಡೆಯೋಕೆ ಬರೋರೇ. ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತ್ಕೊಳ್ಳಿ. ಅದೇ ಬರತ್ತೆ.”

“ನಾನಾ? ನೀನೇ ಕೂತ್ಕೋ!”

“ನನ್ನ ಕಂಡ್ರೆ ಅದಕ್ಕೆ ಸೂಜಿ ನೆನಪಾಗತ್ತೆ. ಇಷ್ಟು ದಿನ ಊಟ ಹಾಕಿದ್ದು ನೀವು.”

ಹಗ್ಗವನ್ನೂ ಬೇಯಿಸಿದ ಕೋಳಿಯ ಪೊಟ್ಟಣವನ್ನೂ ಅಕ್ಕನ ಕೈಗಿತ್ತು ನರ್ಸು ಗೋಡೆಯ ಮರೆಗೆ ಸರಿದಳು. ಅಕ್ಕ ಮಣ್ಣಿನಲ್ಲಿ ಕೂತಳು. ನಾಯಿಯನ್ನು ಎದುರಿಗಿಟ್ಟುಕೊಂಡೇ ಬದುಕಲಾರದವಳು ಈಗ ಅದಕ್ಕೆ ಬೆನ್ನು ಕೊಟ್ಟಿದ್ದಳು. ಹಿಂದೆ ಎಲೆ ಸರಸರ ಎಂದಿತು. ಕುತ್ತಿಗೆಗೆ ಬಿಸಿಯುಸಿರು ತಾಗಿತು.

ಬಂತು ಎಂದುಕೊಂಡು ಓರೆಗಣ್ಣಿನಿಂದ ನೋಡಿದಳು. ಕಂಡದ್ದು ಕೆಂಚು ಬಣ್ಣದ ದಪ್ಪ ಪಂಜ. ಇದು ಬೂದಿಯಲ್ಲ, ಯಾವುದೋ ಬೀದಿಯ ಗಂಡುನಾಯಿ. ಕಿವಿಯ ಪಕ್ಕದಲ್ಲೇ ಗುರ್ರ್ ಎಂದಿತು. ಎದ್ದು ಓಡು ಎಂದು ಮೈಯೆಲ್ಲ ಹೇಳುತ್ತಿತ್ತು. ಎದ್ದರೆ ಬೂದಿ ರಸ್ತೆಗೆ. ಅಕ್ಕನಿಗೆ ಆಗ ದೇವರ ಹೆಸರೂ ನೆನಪಾಗಲಿಲ್ಲ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಯೆತ್ತುವ ಧೈರ್ಯವೂ ಇಲ್ಲದೆ ಕೂತೇ ಇದ್ದಳು.

ಆ ಗುರ್ರಿಗೆ ಬೂದಿ ಪೊದೆಯಿಂದ ಹೊರಬಿತ್ತು. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಅಕ್ಕ. ಒಂದು ಕ್ಷಣ ನಿಂತು, ಹೊಟ್ಟೆ ನೆಲಕ್ಕೆ ಉಜ್ಜುತ್ತ ಬಂದು ಅಕ್ಕನ ಮಡಿಲಿಗೇ ನುಗ್ಗಿತು. ಕೆಂಚು ನಾಯಿ ಹಲ್ಲು ಕಿರಿದು ಮುಂದೆ ಬಗ್ಗಿತು. ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಎರಡು ಬಾಯಿಗಳ ನಡುವೆ ಕೈ ತೂರಿಸಿ, ತಡಕಾಡಿ, ಬೂದಿಯ ಕೊರಳಪಟ್ಟಿಗೆ ಹಗ್ಗದ ಕೊಕ್ಕೆ ಸಿಕ್ಕಿಸಿದಳು.

ನರ್ಸು ಓಡಿಬಂದಳು. ಕೆಂಚು ನಾಯಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಿತು. “ಆಯ್ತು ಅಕ್ಕಾ, ಆಯ್ತು. ಕಣ್ಣು ಬಿಡಿ. ಹಗ್ಗ ಇಲ್ಲಿ ಕೊಡಿ.”

ಅಕ್ಕ ಕೊಡಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಮಾತು ಹೊರಡುವುದೇ ಕಷ್ಟವಾಯಿತು.

“ಮೊದ್ಲು ಆ ದೊಡ್ಡದನ್ನ ಓಡ್ಸೇ. ಇವಳು ಹೆದರ್ತಾಳೆ.”