ಹಾರಿಸಿ ಮಾರುವ ವಾರಿಜಕ್ಕ

ನವಿ ಮುಂಬಯಿಯ ಕೋಪರಖೈರಣೆಯ ವಾರಿಜಕ್ಕನ ಅಂಗಡಿಯಲ್ಲಿ ಹಾರಿ ತೋರಿಸದವರಿಗೆ ಸ್ಪೋರ್ಟ್ಸ್ ಬ್ರಾ ಸಿಗುವುದಿಲ್ಲ. ಜೊತೆಗೆ ಬಂದ ಗಂಡನನ್ನು ಚಹಾಕ್ಕೆ ಅಟ್ಟಿ, ಪರದೆ ಎಳೆದು, ಟೇಪು ಹಿಡಿಯುತ್ತಾಳೆ. "ಮೂವತ್ತನಾಲ್ಕಾ? ಅದು ನಿನ್ನ ಮದುವೆಯಾದ ವರ್ಷದ ಸೈಜು ಮಾರಾಯ್ತಿ." ತೊಡಿಸಿದ ಬ್ರಾದ ಕೆಳಪಟ್ಟಿಯೊಳಗೆ ಎರಡೇ ಬೆರಳು ಹೋಗಬೇಕು, ಭಾರ ಹೊರಬೇಕಾದ್ದು ಅದು, ಭುಜವಲ್ಲ. ಆಮೇಲೆ "ಹಾರು" ಎನ್ನುತ್ತಾಳೆ. ಪಕ್ಕದ ಕಿರಾಣಿ ಅಂಗಡಿಯ ಬರಣಿಗಳೂ ಕುಣಿಯುತ್ತವೆ. ಪೊಲೀಸ್ ಭರ್ತಿಯ ಓಟದ ಪರೀಕ್ಷೆಗೆ ನಾಲ್ಕೇ ದಿನವಿದ್ದಾಗ ಬಂದ ಪೂನಂ ಮಾತ್ರ ಎದೆಗೆ ಕೈ ಕಟ್ಟಿಕೊಂಡೇ ಹಾರಿದಳು. "ಮಂದಿ ನೋಡ್ತಾರ್ರೀ ಅಕ್ಕಾ, ಓಡೂದ ಬ್ಯಾಡ ಅನಸ್ತೈತಿ." ವಾರಿಜಕ್ಕ ಆ ಕೈಗಳನ್ನು ಮೆಲ್ಲಗೆ ಬಿಡಿಸಿದಳು. "ಶಾಲೆಯ ಓಟದಲ್ಲಿ ನಾನು ಹೀಗೇ ಕೈ ಕಟ್ಟಿ ಓಡಿ ಕಡೆಯವಳಾದದ್ದು. ಆಮೇಲೆ ಓಡಲೇ ಇಲ್ಲ. ನೀನು ಕೈ ಬೀಸು" ಎಂದವಳೇ, ನೆರಿಗೆ ಎತ್ತಿ ಸಿಕ್ಕಿಸಿ, ಅವಳ ಜೊತೆ ತಾನೂ ಹಾರಿದಳು.