ಐದೂವರೆ ಟೆರಾಬೈಟಿನ ಲೆಕ್ಕ

ನಮ್ಮ ಬೀದಿಯಲ್ಲಿ ನನ್ನ ಗಂಡನಿಗೆ ಹಲ್ಲಿನವರು ಎಂದೇ ಹೆಸರು. ಡಾಕ್ಟರೇನಲ್ಲ. ಡಾಕ್ಟರು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ಕಟ್ಟುಹಲ್ಲು ಮಾಡಿಕೊಡುವವರು. ಇಪ್ಪತ್ತೆರಡು ವರ್ಷದಿಂದ ಒಂದೇ ಕಿಟಕಿಯ ಪಕ್ಕ, ಒಂದೇ ಸ್ಟೂಲಿನ ಮೇಲೆ ಕೂತು ಮೇಣ ಕೆತ್ತುತ್ತಿದ್ದಾರೆ. ಈ ಊರಿನ ಅರ್ಧದಷ್ಟು ಮುದುಕರ ನಗು ಅವರ ಕೈಯಿಂದ ಹೊರಟದ್ದು. ಅವರು ಮಾತ್ರ ನಗುವುದು ಕಮ್ಮಿ. ಕೆಲಸವನ್ನು ಮನೆಗೂ ಯಾಕೆ ತರಬೇಕು ಅಂತಲೋ ಏನೋ.

ಲ್ಯಾಬು ಇರುವುದು ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಮನೆ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಸೊಂಟದ ಮೂಳೆ ಮುರಿದ ಮೇಲೆ ನನ್ನ ಅತ್ತೆ ನಾಲ್ಕು ವರ್ಷದಿಂದ ಕೆಳಗಿಳಿದಿಲ್ಲ. ಹೊತ್ತುಕೊಂಡು ಇಳಿಸುತ್ತೇವೆ ಎಂದರೆ, "ನಾನೇನು ಬೀರುವಾ?" ಎಂದು ಕೇಳಿದರು. ಆ ಮಾತು ಅಲ್ಲಿಗೇ ನಿಂತಿತು.

ಅವರ ಹೊತ್ತು ಹೋಗಲೆಂದು ಇವರು ಮನೆಯಲ್ಲೇ ಒಂದು ಸರ್ವರ್ ಕಟ್ಟಿದರು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಕರಿ ಪೆಟ್ಟಿಗೆ, ಅದರೊಳಗೆ ಹಾರ್ಡ್ ಡಿಸ್ಕ್. ಹಳೆಯ ಸಿನಿಮಾ, ಧಾರಾವಾಹಿ, ನಮ್ಮ ಮದುವೆಯ ವಿಡಿಯೋ ಎಲ್ಲ ಅಲ್ಲಿಂದ ಅತ್ತೆಯ ಕೋಣೆಯ ಟೀವಿಗೆ ಹೋಗುತ್ತಿತ್ತು. ಅತ್ತೆಗೆ ಕಿವಿ ಮಂದ, ಹಾಗಾಗಿ ಹೆಡ್‌ಫೋನ್ ಹಾಕಿಕೊಂಡು ನೋಡುತ್ತಿದ್ದರು. ದಿನಕ್ಕೆ ಮೂರು ನಾಲ್ಕು ಸಲ ಲ್ಯಾಬಿಗೆ ಫೋನು ಮಾಡುವುದು ಮಾತ್ರ ತಪ್ಪುತ್ತಿರಲಿಲ್ಲ.

"ಮಗಾ, ನಿಂತುಹೋಯ್ತು ನೋಡೋ."

ಇವರು ಕೈಯ ಮೇಣ ಒರೆಸಿಕೊಂಡು ಅರವತ್ತಾರು ಮೆಟ್ಟಿಲು ಹತ್ತಬೇಕು. ಬಂದು ಗುಂಡಿ ಒತ್ತಿದರೆ ಓಡುತ್ತಿತ್ತು. ರಜೆಯ ದಿನ ನಾನು ಒತ್ತುತ್ತೇನೆಂದು ಹೋದರೆ, "ನಿಂಗೆ ಗೊತ್ತಾಗಲ್ಲ ಕಣಮ್ಮ, ಅವನೇ ಬರ್ಲಿ" ಎನ್ನುತ್ತಿದ್ದರು. ಒಂದು ಶಾಲೆಯ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರು ನೋಡಿಕೊಳ್ಳುವವಳು ನಾನು. ನನಗೆ ಒಂದು ಗುಂಡಿ ಗೊತ್ತಾಗುವುದಿಲ್ಲ.

ಹೀಗಿರುವಾಗ ಬೇರೆ ಊರಿನ ಕಾಲೇಜಿನಿಂದ ಕಾಗದ ಬಂತು. ಹಲ್ಲು ಕಟ್ಟುವುದನ್ನು ಹುಡುಗರಿಗೆ ಕಲಿಸುವ ಕೆಲಸ, ಎರಡು ವರ್ಷಕ್ಕೆ. ಮದುವೆಯಾದ ಹೊಸತರಲ್ಲೇ ಇವರು ನನಗೆ ಹೇಳಿದ್ದ ಒಂದೇ ಆಸೆ ಅದು. ಕಾಗದವನ್ನು ನಾಲ್ಕು ಸಲ ಓದಿದರು, ಮಡಿಸಿದರು, ಅಮ್ಮನ ಕೋಣೆಯ ಕಡೆ ನೋಡಿದರು. ಅತ್ತ ದರಿ, ಇತ್ತ ಪುಲಿ.

"ಅತ್ತೇನ ನಾನು ನೋಡ್ಕೋತೀನಿ. ನೀವು ಹೋಗಿ ಬನ್ನಿ" ಎಂದೆ.

"ದಿನಾ ನಿಂತುಹೋಗುತ್ತಲ್ಲ ಕಣೇ, ಅದಕ್ಕೇನು ಮಾಡ್ತೀಯ? ಡಿಸ್ಕ್ ಹೋಗಿದೆ ಅನ್ಸುತ್ತೆ. ಮೊದ್ಲು ಅದನ್ನ ಸರಿಮಾಡ್ಬೇಕು."

ಅಂದಿನಿಂದ ಇವರ ಪ್ಲಾನು ಶುರುವಾಯಿತು. ಅಮ್ಮ ದಿನಕ್ಕೆ ಐದು ಗಂಟೆ ನೋಡುತ್ತಾರೆ. ಎರಡು ವರ್ಷಕ್ಕೆ ಮೂರು ಸಾವಿರದ ಆರುನೂರ ಐವತ್ತು ಗಂಟೆ. ಗಂಟೆಗೆ ಒಂದೂವರೆ ಜಿಬಿ ಹಿಡಿದರೆ ಸುಮಾರು ಐದೂವರೆ ಟೆರಾಬೈಟ್. ಎಂಟು ಟೆರಾಬೈಟಿನದೊಂದು ಡಿಸ್ಕ್, ಅದು ಕೈಕೊಟ್ಟರೆ ಇರಲೆಂದು ಅಂಥದ್ದೇ ಇನ್ನೊಂದು, ಎರಡರಲ್ಲೂ ಒಂದೇ ಸರಕು. ಹಲ್ಲಿನ ಅಳತೆ ತೆಗೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಇದನ್ನೆಲ್ಲ ಬರೆದರು. ಗಂಡಸು ಮನೆ ಬಿಟ್ಟು ಹೊರಡಲು ಇಂಥ ಲೆಕ್ಕ ಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಗು ಬಂತು. ತಾಯಿಗೆ ಎರಡು ವರ್ಷದ ಬುತ್ತಿ ಕಟ್ಟಿಟ್ಟು ಹೋಗುತ್ತಿದ್ದರು ಪಾಪ.

ತುಂಬಿಸುವುದಕ್ಕೇ ಒಂದೂವರೆ ತಿಂಗಳು ಹಿಡಿಯಿತು. ನನಗಾಗಿ ನಾಲ್ಕು ಪುಟ ಬರೆದಿಟ್ಟರು: ಯಾವ ದೀಪ ಹಸಿರಿರಬೇಕು, ಕೆಂಪಾದರೆ ಏನು ಮಾಡಬೇಕು. ಕಾಲೇಜಿನವರು ಒಮ್ಮೆ ಬಂದು ನೋಡಿ ಹೋಗಿ, ಸೋಮವಾರದೊಳಗೆ ಒಪ್ಪಿಗೆ ತಿಳಿಸಿ ಎಂದಿದ್ದರು. ಬುಧವಾರ ಬೆಳಿಗ್ಗೆ ಹೊರಟರು. ನಾನು ಮೂರು ದಿನ ರಜೆ ಹಾಕಿದೆ.

ಆ ಮೂರು ದಿನ ಒಂದು ಸಲವೂ ನಿಲ್ಲಲಿಲ್ಲ. ಅತ್ತೆ ಕರೆಯಲೇ ಇಲ್ಲ. ಅವರ ಟೀವಿ ಇರುವುದು ಬಾಗಿಲಿರುವ ಗೋಡೆಗೇ, ಒಳಗಡೆ; ಬಾಗಿಲಲ್ಲಿ ನಿಂತರೆ ಅದರ ಪರದೆ ಕಾಣುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಅತ್ತ ಮುಖ ಮಾಡಿ ಕೂತಿರುವ ಅತ್ತೆ ಕಾಣುತ್ತಿದ್ದರು. ಬಾಗಿಲಲ್ಲಿ ಇಣುಕಿ, "ಚೆನ್ನಾಗಿ ಬರ್ತಿದೆಯಾ ಅತ್ತೆ?" ಎಂದು ಸನ್ನೆ ಮಾಡಿದರೆ ತಲೆಯಾಡಿಸುತ್ತಿದ್ದರು. ತಟ್ಟೆ ಕೊಡಲು ಒಳಗೆ ಹೋದಾಗ ಟೀವಿ ಆರಿರುತ್ತಿತ್ತು. ಊಟಕ್ಕೆಂದು ಆರಿಸಿದ್ದಾರೆ ಅಂದುಕೊಂಡೆ. ಗುರುವಾರ ಫೋನಿನಲ್ಲಿ ಇವರಿಗೆ ಹೇಳಿದೆ: "ಅತ್ತೆ ಆರಾಮಾಗಿ ನೋಡ್ತಿದಾರೆ ರೀ. ನೀವು ಒಪ್ಕೊಂಡು ಬನ್ನಿ."

ಶುಕ್ರವಾರ ಸಂಜೆ ಬಂದವರ ಮುಖ ನೋಡಬೇಕಿತ್ತು. ಕಾಲೇಜಿನ ಕಿಟಕಿಗಳು ಎಷ್ಟು ದೊಡ್ಡವು, ಹುಡುಗರು ಏನೇನು ಕೇಳಿದರು, ಒಂದೇ ಸಮನೆ ಹೇಳಿದರು. ಶನಿವಾರ ಬೆಳಿಗ್ಗೆ ಒಪ್ಪಿಗೆಯ ಕಾಗದ ಬರೆದಿಟ್ಟು, ತಮ್ಮ ಲೆಕ್ಕ ಎಷ್ಟು ಸರಿಯಾಯಿತು ನೋಡೋಣವೆಂದು ಕಂಪ್ಯೂಟರಿನ ಮುಂದೆ ಕೂತರು. ಯಾವ ದಿನ ಯಾರು ಎಷ್ಟು ಹೊತ್ತು ಏನು ನೋಡಿದರು ಎನ್ನುವುದನ್ನು ಸರ್ವರ್ ತಾನೇ ಬರೆದಿಡುತ್ತದೆ. ಇಷ್ಟು ವರ್ಷ ಇವರು ಆ ಪುಟವನ್ನು ತೆರೆದೇ ಇರಲಿಲ್ಲ. ಅಮ್ಮ ಐದು ಗಂಟೆ ನೋಡುತ್ತಾರೆ ಎಂದು ಅಮ್ಮನೇ ಹೇಳಿದ್ದರಲ್ಲ.

ಬುಧವಾರ ಸೊನ್ನೆ. ಗುರುವಾರ ಸೊನ್ನೆ. ಶುಕ್ರವಾರವೂ ಸೊನ್ನೆ.

ಇವರು ಇನ್ನೂ ಹಿಂದಕ್ಕೆ ಹೋದರು. ನಾಲ್ಕು ವರ್ಷದ ಒಂದೊಂದು ದಿನವೂ ಅಲ್ಲಿತ್ತು. ಹತ್ತು ನಿಮಿಷ ಓಡಿದೆ, ನಿಂತಿದೆ. ಎಂಟು ನಿಮಿಷ ಓಡಿದೆ, ನಿಂತಿದೆ. ಡಿಸ್ಕ್ ಕೆಟ್ಟು ನಿಂತಿದ್ದರೆ ಹಾಗೆಂದು ಬರೆದಿರುತ್ತದಂತೆ. ಅಲ್ಲಿ ಇದ್ದದ್ದು ರಿಮೋಟಿನಿಂದ ನಿಲ್ಲಿಸಿದ್ದು ಎಂದು.

ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂತು. ಮೂರು ದಿನ ಕರಿ ಟೀವಿಯ ಮುಂದೆ, ಸದ್ದಿಲ್ಲದ ಹೆಡ್‌ಫೋನ್ ಹಾಕಿ ಕೂತು ನನಗೆ ತಲೆಯಾಡಿಸಿದರಲ್ಲ. "ಈಗಲೇ ಹೋಗಿ ಕೇಳ್ತೀನಿ" ಎಂದು ಎದ್ದೆ. ಇವರು ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗೇನಲ್ಲ.

"ಏನಂತ ಕೇಳ್ತೀಯ?" ಎಂದರು.

ಅಷ್ಟರಲ್ಲಿ ಕೋಣೆಯಿಂದ ದನಿ ಬಂತು.

"ಮಗಾ, ಇದ್ದೀಯಾ? ನಿಂತುಹೋಯ್ತು ನೋಡೋ."

ಇವರು ಎದ್ದು ಹೋದರು. ನಾನೂ ಹಿಂದೆಯೇ ಒಳಗೆ ಹೋದೆ. ಅತ್ತೆ ರಿಮೋಟನ್ನು ಸೆರಗಿನ ಕೆಳಗೆ ಸರಿಸಿದ್ದು ನನಗೆ ಕಂಡಿತು, ಇವರಿಗೂ ಕಂಡಿರಬೇಕು. ಗುಂಡಿ ಒತ್ತಿದರು. ಚಿತ್ರ ಓಡಿತು.

"ಹೊಸ ಡಿಸ್ಕ್ ಅಲ್ವಾ ಅಮ್ಮ," ಎಂದರು, "ಸ್ವಲ್ಪ ದಿನ ಹೀಗೇ ನಿಲ್ಲುತ್ತೆ. ನಿಂತಾಗ ಕರಿ."

ಹೊರಗೆ ಬಂದು ಒಪ್ಪಿಗೆಯ ಕಾಗದವನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ, ಐದೂವರೆ ಟೆರಾಬೈಟಿನ ಪಕ್ಕಕ್ಕೆ ಇಟ್ಟು ಮುಚ್ಚಿದರು. ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿಗೆ ಇಳಿದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು.