ಕೆಳಮನಿ, ಮೇಲ್ಮನಿ, ನಡುವ ಒಂದು ಬಸ್ಸು

ನಾನು ಕುರುಗೋಡಿನಾಕಿ. ಸಿಟ್ಟು ನನಗ ಮೂಗಿನ ತುದಿಗೇ ಇರ್ತೈತಿ. ಈಗ ಬಳ್ಳಾರ್ಯಾಗ ಮನಿ ಮಾಡಿಕೊಂಡು, ದಿನಾ ಬಸ್ಸಿಗಿ ಸಿರುಗುಪ್ಪಕ್ಕ ಹೋಗಿ ಪಿಯುಸಿ ಹುಡುಗರಿಗಿ ರಾಜ್ಯಶಾಸ್ತ್ರ ಹೇಳ್ತೀನಿ. ಎರಡು ಸದನ ಒಂದೇ ಮಸೂದೀನ ಬ್ಯಾರೆ ಬ್ಯಾರೆ ಥರ ಪಾಸು ಮಾಡಿದ್ರ ಏನ್ಮಾಡಬೇಕು ಅನ್ನೋ ಪಾಠ ಬಂತಂದ್ರ ಸಾಕು, ಹಿಂದಿನ ಬೆಂಚು ಆಕಳಿಸಾಕ ಹತ್ತತೈತಿ. ಹೋದ ವರ್ಷ ತಲಿ ಕೆಟ್ಟು, "ಏಳ್ರಿ, ನಾವೇ ಸಂಸತ್ತು ಮಾಡೋಣು" ಅಂದೆ.

ಕಲಾ ವಿಭಾಗದಾಗ ಮಂದಿ ಬಾಳ, ಅವರು ಲೋಕಸಭೆ; ಅವರೊಳಗ ಒಬ್ಬ ಹುಡುಗಿ ಸ್ಪೀಕರ್. ವಿಜ್ಞಾನದವರು ಬೆರಳೆಣಿಕಿ, ಅವರು ರಾಜ್ಯಸಭೆ. ಪಾಸಾಗಿದ್ದನ್ನ ಖರೇನ ಜಾರಿ ಮಾಡ್ತೀನಿ ಅಂತ ಪ್ರಿನ್ಸಿಪಾಲರು ಮಾತು ಕೊಟ್ರು.

ಮಸೂದಿ ತಂದಿದ್ದು ಒಬ್ಬ ಹುಡುಗಿ ಸಲುವಾಗಿ. ಹೊಳಿದಂಡಿ ಹಳ್ಳಿಯಾಕಿ, ರಾಜ್ಯಸಭೆಯಾಗ ಕೂತಿದ್ಲು. ಕಡೀ ಪಿರಿಡ್ ಕೂತ್ರ ಸಂಜಿ ಬಸ್ಸು ತಪ್ಪತೈತಿ, ಬಸ್ಸು ಹಿಡದ್ರ ಹಾಜರಿ ತಪ್ಪತೈತಿ. ಹಾಜರಿ ಇಲ್ಲಂದ್ರ ಪರೀಕ್ಷಿಗಿ ಕೂಡಿಸಂಗಿಲ್ಲ. ಲೋಕಸಭೆ ಭಾರಿ ಹುರುಪಿನಿಂದ, ಕಾಲೇಜು ಅರ್ಧ ತಾಸು ಮೊದಲು ಶುರುಮಾಡಿ ಮೊದಲೇ ಬಿಡಬೇಕು ಅಂತ ಪಾಸು ಮಾಡ್ತು. ರಾಜ್ಯಸಭೆ ಅದನ್ನ ತಿದ್ದಿ ವಾಪಸ್ ಕಳಿಸ್ತು: ಮುಂಜಾನಿ ಹೊತ್ತು ಇದ್ದಂಗ ಇರ್ಲಿ, ಊಟದ ಬಿಡುವು ಅರ್ಧ ತಾಸು ಕಡಿಮಿ ಮಾಡ್ರಿ. ಊರಿನ ಹುಡುಗ್ರು ಮಧ್ಯಾಹ್ನ ಮನಿಗಿ ಹೋಗಿ ಬಿಸಿ ಅನ್ನ ಉಣ್ಣೋರು, ಬಿಡ್ತಾರೇನು? ತಿದ್ದುಪಡಿ ಕಿತ್ತೊಗೆದ್ರು. ಮ್ಯಾಲಿನವರೂ ಹಟ ಬಿಡಲಿಲ್ಲ.

ಇನ್ನ ಉಳಿದಿದ್ದು ಜಂಟಿ ಅಧಿವೇಶನ ಅಂದೆ. ಎರಡೂ ಸದನ ಒಂದೇ ಹಾಲಿನ್ಯಾಗ ಕೂತು ಮತ ಹಾಕೋದು, ಕೆಳಮನಿ ಸ್ಪೀಕರ್ ನಡೆಸೋದು, ತಲಿ ಜಾಸ್ತಿ ಇದ್ದವರು ಗೆಲ್ಲೋದು. ಆ ಹುಡುಗಿ ಮಾರಿ ಬಾಡಿತು. ಹೊರಗ ಕರದು ಕೇಳಿದೆ.

"ಮುಂಜಾನಿ ನಮ್ಮೂರ ಬಸ್ಸು ಅಷ್ಟು ಲಗೂ ಬರಂಗಿಲ್ರಿ ಮೇಡಂ. ಆಗ ಮೊದಲನೇ ಪಿರಿಡ್ ತಪ್ಪತೈತಿ. ನನ್ನ ಸಲುವಾಗೇ ಇಷ್ಟು ಮಾಡ್ಯಾರ, ಬ್ಯಾಡ ಅಂತ ಹೆಂಗ ಹೇಳ್ಲಿ?"

ನನಗ ಸಿಟ್ಟೂ ಬಂತು, ಪಾಪಾನೂ ಅನಿಸ್ತು. "ಬಾಯಿದ್ದವರು ಬರಗಾಲದಾಗೂ ಬದುಕ್ತಾರ, ಎಲ್ಲಾರ ಮುಂದ ಹೇಳು" ಅಂತ ಬೈದು ಒಳಗ ಕಳಿಸಿದೆ.

ಜಂಟಿ ಅಧಿವೇಶನ ಎಳದು ಎಳದು ಕಡೀ ಪಿರಿಡ್‌ಗಿ ಬಂತು. ಮಸೂದಿ ಮಂಡಿಸಿದ ರೈಸ್‌ಮಿಲ್ ಓಣಿ ಹುಡುಗ ಬಿಸಿ ಅನ್ನದ ಮ್ಯಾಲೇ ದೊಡ್ಡ ಭಾಷಣ ಬಿಗಿದ. ಆಮ್ಯಾಲ ಈಕಿ ಎದ್ದು ನಿಂತು, ಮುಂಜಾನಿ ಬಸ್ಸಿನ ಸಂಗತಿ ಸಣ್ಣ ದನಿಯಾಗ ಹೇಳಿದ್ಲು. ಹೇಳ್ತಾ ಹೇಳ್ತಾ ಗ್ವಾಡಿ ಗಡಿಯಾರ ನೋಡಿ ಚೀಲ ಹೆಗಲಿಗಿ ಹಾಕಿಕೊಂಡ್ಲು.

"ಸ್ಪೀಕರ್ ಮೇಡಂ, ಬಸ್ಸಿನ ಹೊತ್ತಾತ್ರಿ. ನೀವು ಮತ ಹಾಕ್ರಿ."

ಓಡಿದ್ಲು. ನನ್ನ ಜೀವ ಆಕಿ ಹಿಂದೇ ಹೋದಂಗಾತು.

ಮಿಲ್ ಓಣಿ ಹುಡುಗ ಖಾಲಿ ಕುರ್ಚಿ ನೋಡಿಕೋತ ಅಂದ: "ಯಾರ ಸಲುವಾಗಿ ಕೂತೀವೋ ಆಕಿಗೇ ಮತ ಹಾಕೋ ತನಕ ಇರಾಕ ಆಗಲಿಲ್ಲಲ್ಲೋ."

ಊಟದ ಬಿಡುವು ಕಡಿಮಿ ಮಾಡೋ ತಿದ್ದುಪಡಿಗಿ ಮೊದಲು ಕೈ ಎತ್ತಿದವ ಅವನೇ. ಸ್ಪೀಕರ್ ಹುಡುಗಿ ಕೈ ಎಣಿಸಾಕ ಶುರುಮಾಡಿ, ನಡುವೇ ನಿಲ್ಲಿಸಿಬಿಟ್ಲು. ಕೆಳಗ ಉಳಿದ ಕೈ ಒಂದೂ ಇರಲಿಲ್ಲ.